ಲಾಲ್‌ಬಾಗ್ ಬರೀ ವಾಕಿಂಗ್ ಜಾಗ ಅಲ್ಲ

ಜನವರಿ, ಆಗಸ್ಟ್ ಬಂತೆಂದರೆ ಲಾಲ್‌ಬಾಗ್ ಜಾತ್ರೆಯಂತಾಗುತ್ತದೆ. ಗಾಜಿನ ಮನೆಯಲ್ಲಿ ಹೂವಿನ ಪ್ರದರ್ಶನ, ಹೊರಗೆ ಉದ್ದನೆಯ ಸಾಲು. ಅಷ್ಟು ಜನ ಹೂವು ನೋಡಲೆಂದೇ ಬರುವುದು ನನಗೆ ತುಂಬಾ ಇಷ್ಟ. ಆದರೆ ಅವರಲ್ಲಿ ಹೆಚ್ಚಿನವರು ಅಲ್ಲಿನ ಮರಗಳ ಪರಿಚಯ ಇಲ್ಲದೆಯೇ ಮನೆಗೆ ಹೋಗುತ್ತಾರೆ. ಅದು ಸಂಕಟ.

ಪಾರ್ಕೇ ಬೇರೆ, ಸಸ್ಯತೋಟವೇ ಬೇರೆ. ಪಾರ್ಕಿನಲ್ಲಿ ಗಿಡ ಚೆನ್ನಾಗಿ ಕಂಡರೆ ಸಾಕು. ಸಸ್ಯತೋಟದಲ್ಲಿ ಅದು ಯಾವ ಜಾತಿ, ಎಲ್ಲಿಂದ ಬಂತು, ನಮ್ಮ ಹವೆಗೆ ಒಗ್ಗಿತಾ ಎಂದು ಬರೆದಿಡುತ್ತಾರೆ. 1760ರಲ್ಲಿ ಹೈದರಾಲಿ ಶುರು ಮಾಡಿಸಿದ ಈ ತೋಟ 1856ರಲ್ಲಿ ಸರ್ಕಾರಿ ಸಸ್ಯತೋಟವಾಯಿತು. ಹೊರಗಿನಿಂದ ತಂದ ಬೀಜ, ಸಸಿಗಳನ್ನು ಇಲ್ಲಿ ಬೆಳೆಸಿ ನೋಡಿ ಆಮೇಲೆ ರೈತರಿಗೆ ಕೊಡುತ್ತಿದ್ದರು. ನಾವು ಪಲ್ಯ, ಮಜ್ಜಿಗೆಹುಳಿ ಮಾಡುವ ಸೀಮೆಬದನೆ ಮೆಕ್ಸಿಕೋ ಕಡೆಯದು. 1874ರಿಂದ ಲಾಲ್‌ಬಾಗ್ ನೋಡಿಕೊಂಡ ಜಾನ್ ಕ್ಯಾಮೆರಾನ್ ಕಾಲದಲ್ಲಿ ಅದು ಇಲ್ಲಿ ಬೇರೂರಿತು. ಅಂದರೆ ಈ ತೋಟದ ವಿಜ್ಞಾನ ದಿನಾ ನಮ್ಮ ತಟ್ಟೆಗೇ ಬರುತ್ತಿದೆ, ಅಲ್ವಾ?

ರಸ್ತೆಗೂ ಬಂದಿದೆ. 1908ರಲ್ಲಿ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರು ಬೆಂಗಳೂರಿನ ಬೀದಿಗಳಿಗೆ ಮರ ಆರಿಸುವಾಗ ಹೂ ಬಿಡುವ ತಿಂಗಳನ್ನೂ ಲೆಕ್ಕ ಹಾಕಿದರು. ಒಂದು ಜಾತಿಯ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷವಿಡೀ ಎಲ್ಲಾದರೂ ಬಣ್ಣ ಇರಬೇಕು. ಜಕರಂಡದ ನೇರಳೆ ಮುಗಿಯುವಾಗ ಗುಲ್‌ಮೊಹರ್ ಕೆಂಪಾಗುವುದನ್ನು ನೋಡಿದಾಗಲೆಲ್ಲ ನನಗೆ ಆ ಮನುಷ್ಯ ನೆನಪಾಗುತ್ತಾರೆ. ಎಷ್ಟು ದೂರದ ಯೋಚನೆ! ನೆಟ್ಟವರು ನೆರಳಲ್ಲಿ ಕೂರಲಿಲ್ಲ, ನಾವು ಕೂತಿದ್ದೇವೆ.

ನನ್ನ ಆಸೆ ಇಷ್ಟೇ. ಪ್ರತಿ ಮುಖ್ಯ ಮರದ ಪಕ್ಕ ಕನ್ನಡದಲ್ಲಿ, ಹತ್ತು ವರ್ಷದ ಮಗು ಓದುವ ಹಾಗೆ, ನಾಲ್ಕು ಸಾಲು ಇರಲಿ. ಎಲ್ಲಿಯದು, ಯಾವಾಗ ಹೂ ಬಿಡುತ್ತದೆ, ಯಾವ ಹಕ್ಕಿ ಬರುತ್ತದೆ, ಯಾಕೆ ತಂದರು. ಲ್ಯಾಟಿನ್ ಹೆಸರೂ ಬೇಕು, ಅದಿಲ್ಲದೆ ವಿಜ್ಞಾನ ನಡೆಯಲ್ಲ. ಆದರೆ ಅದೊಂದೇ ಇದ್ದರೆ ಅಜ್ಜಿಯ ಜೊತೆ ಬಂದ ಮಗು ಸುಮ್ನೆ ದಾಟಿ ಹೋಗುತ್ತದೆ. ಶಾಲೆಯ ಮಕ್ಕಳನ್ನು ಪ್ರದರ್ಶನದ ನೂಕುನುಗ್ಗಲಲ್ಲಿ ಕರೆತರುವ ಬದಲು ಜೂನ್ ತಿಂಗಳ ಒಂದು ಖಾಲಿ ಬೆಳಿಗ್ಗೆ ಕರೆತನ್ನಿ ಎಂದು ಮೇಷ್ಟ್ರುಗಳನ್ನೂ ಕೇಳಿಕೊಳ್ಳುತ್ತೇನೆ.

ದೊಡ್ಡವರಿಗೂ ಕೆಲಸ ಇದೆ. ಸೀಸನ್‌ವಾಚ್ ಎನ್ನುವ ಯೋಜನೆಯಲ್ಲಿ ಯಾರು ಬೇಕಾದರೂ ಸೇರಬಹುದು. ಒಂದು ಮರ ಆರಿಸಿಕೊಂಡು ಪ್ರತಿ ವಾರ ನೋಡಬೇಕು. ಚಿಗುರು ಬಂತಾ, ಮೊಗ್ಗು ಇದೆಯಾ, ಕಾಯಿ ಹಣ್ಣಾಯಿತಾ ಎಂದು ಬರೆಯಬೇಕು. ಹವಾಮಾನ ಬದಲಾದಂತೆ ಮರಗಳ ಕಾಲ ಹೇಗೆ ಜರುಗುತ್ತಿದೆ ಎಂದು ತಿಳಿಯಲು ಇಂಥ ಲೆಕ್ಕವೇ ಆಧಾರ. ಲಾಲ್‌ಬಾಗಲ್ಲಿ ದಿನಾ ನಡೆಯುವವರು ಸಾವಿರಾರು ಜನ. ಅವರಲ್ಲಿ ಕೆಲವರಾದರೂ ತಮ್ಮ ದಾರಿಯ ಒಂದು ಹೊಂಗೆಯನ್ನೋ ಮಾವನ್ನೋ ಆರಿಸಿಕೊಳ್ಳಲಿ. ಹೊಂಗೆಯಾದರೆ ಫೆಬ್ರವರಿಯಿಂದಲೇ ಕಣ್ಣಿಡಿ. ಎಲೆ ಉದುರಿ ಹೊಸ ಚಿಗುರು ಬರಲು ಜಾಸ್ತಿ ದಿನ ಬೇಕಾಗುವುದಿಲ್ಲ.