ಗಿಡಕ್ಕೆ ಮನೆಯೊಳಗೆ ಏನು ಕೆಲಸ?

ಪಕ್ಕದ ಮನೆಯವರು ರಜೆಗೆ ಹೊರಟಾಗ ಬೀಗದ ಕೈ ಕೊಟ್ಟು, ಜೊತೆಗೊಂದು ಚೀಟಿಯನ್ನೂ ಕೊಟ್ಟರು. ಯಾವ ಗಿಡಕ್ಕೆ ಎಷ್ಟು ನೀರು, ಯಾವುದನ್ನು ಕಿಟಕಿ ಕಡೆ ತಿರುಗಿಸಬೇಕು, ಎಲ್ಲ ಬರೆದಿತ್ತು. ಕೊನೆಯ ಸಾಲಿಗೆ ನಗು ಬಂತು: ರಬ್ಬರ್ ಗಿಡದ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಒರೆಸಿದೆ, ಇನ್ನೇನು ಮಾಡಲಿ. ಅಂಗೈಗಿಂತ ದೊಡ್ಡ ಎಲೆ, ಕೆಳಗೆ ಕೈ ಒಡ್ಡದಿದ್ದರೆ ಜಾರುತ್ತದೆ. ಬಟ್ಟೆ ಕಪ್ಪಾಯ್ತು. ಮೇಘಾಲಯದಲ್ಲಿ ಇದೇ ಮರದ ಬೇರುಗಳನ್ನು ಹೊಳೆಯಾಚೆಗೆ ಹೆಣೆದು ಸೇತುವೆ ಬೆಳೆಸುತ್ತಾರೆ. ಇಲ್ಲಿ ಇಂಗ್ಲೆಂಡಿನಲ್ಲಿ ಸೋಫಾ ಪಕ್ಕ ನಿಂತು ಧೂಳು ಒರೆಸಿಕೊಳ್ಳುತ್ತಿದೆ!

ಈ ಇಂಗ್ಲಿಷರಿಗೆ ಈ ಹುಚ್ಚು ಹಳೆಯದು. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಒಂದು ಪತಂಗದ ಕೋಶವನ್ನು ಒದ್ದೆ ಮಣ್ಣಿನ ಸಮೇತ ಗಾಜಿನ ಬಾಟಲಿಯಲ್ಲಿ ಮುಚ್ಚಿಟ್ಟಿದ್ದ. ಪತಂಗದ ಸುದ್ದಿ ಹಾಗಿರಲಿ, ಒಳಗೆ ಪುಟ್ಟ ಜರೀಗಿಡ ಮೊಳೆಯಿತು. ಕಲ್ಲಿದ್ದಲ ಹೊಗೆಗೆ ಅವನ ತೋಟದ ಜರೀಗಿಡಗಳು ಸಾಯುತ್ತಿದ್ದವು. ಬಾಟಲಿಯ ತೇವ ಅಲ್ಲೇ ಸುತ್ತುತ್ತಿದ್ದರಿಂದ ಇದು ಬದುಕಿತು. 1833ರಲ್ಲಿ ಅಂಥ ಗಾಜಿನ ಪೆಟ್ಟಿಗೆಗಳಲ್ಲಿ ಹಡಗು ಹತ್ತಿದ ಗಿಡಗಳು ಸಿಡ್ನಿಯಲ್ಲಿ ಜೀವಂತ ಇಳಿದವು. ಆಮೇಲೆ ಕೇಳಬೇಕಾ, ಎಲ್ಲೆಲ್ಲಿಯ ಗಿಡಗಳೋ ಇವರ ಪಡಸಾಲೆಗೆ. 1845ರಲ್ಲಿ ಗಾಜಿನ ತೆರಿಗೆಯೂ ಹೋಯ್ತು, ಗಾಜು ಅಗ್ಗವಾಯ್ತು. ಗ್ಯಾಸ್ ದೀಪದ ಹೊಗೆಗೂ ಮಬ್ಬುಗತ್ತಲಿಗೂ ಜಗ್ಗದ ಆಸ್ಪಿಡಿಸ್ಟ್ರಾ ಅನ್ನೋ ಅಗಲ ಎಲೆಯ ಕುಂಡದ ಗಿಡ ಮನೆಮನೆಯಲ್ಲಿ ಬಂದು ಕೂತಿತು.

ಚಂದ ಕಾಣುತ್ತೆ, ಇಲ್ಲ ಅನ್ನಲ್ಲ. ಆದರೆ ನನಗೆ ಗಿಡ ಅಂದರೆ ಹಿತ್ತಿಲಲ್ಲೇ ಇರಬೇಕು. ಒಗ್ಗರಣೆ ಚಟಪಟ ಅನ್ನುವಾಗ ಓಡಿಹೋಗಿ ಕರಿಬೇವು ಕಿತ್ತು ತರಬೇಕು, ಮಗು ಕೆಮ್ಮಿದರೆ ದೊಡ್ಡಪತ್ರೆ ಬಾಡಿಸಬೇಕು, ಎದುರುಮನೆಯವರು ಬೆಳಗಾಗೋದರೊಳಗೆ ದಾಸವಾಳವನ್ನೆಲ್ಲ ಬಿಡಿಸಿಕೊಂಡು ಹೋದರು ಅಂತ ಅಮ್ಮ ಗೊಣಗಬೇಕು. ಸುಮ್ನೆ ನೋಡೋದಕ್ಕೆ ಒಂದು ಗಿಡ, ಅದಕ್ಕೆ ನಡುಮನೆಯಲ್ಲಿ ಜಾಗ? ಇರುವೆ ಬರುತ್ತೆ, ಆಚೆ ಇಡೋ ಅನ್ನುತ್ತಿದ್ದರು ನಮ್ಮಜ್ಜಿ. ನಾನೂ ಅವರ ಪಕ್ಷವೇ.

ಹಾಗಂತ ಡಿಸೆಂಬರಿನಲ್ಲಿ ಇಲ್ಲಿ 4 ಗಂಟೆಗೇ ಕತ್ತಲು, ಹೊರಗಿನ ಮರಗಳೆಲ್ಲ ಬೋಳು. ಕಣ್ಣಿಗೆ ಹಸಿರು ಬೇಕಂದರೆ ಒಳಗೇ ಇಟ್ಟುಕೊಳ್ಳಬೇಕಲ್ವಾ, ಅಷ್ಟು ಒಪ್ಪುತ್ತೇನೆ. ಇನ್ನು, ಟೀವಿ ಪಕ್ಕ ಹಳೇ ಬಾಟಲಿಯಲ್ಲಿ ಮನಿಪ್ಲಾಂಟ್ ಇಟ್ಟವರು ನಾವೂ ಹೌದು, ಅದೂ ಕದ್ದು ತಂದರೇ ಹಬ್ಬೋದು ಅಂತ ಅತ್ತೆ ಮನೆಯಿಂದ ಮುರಿದು ತಂದದ್ದು. ಆದರೆ ಅದನ್ನೂ ಸುಮ್ನೆ ಬಿಟ್ಟವರಲ್ಲ, ದುಡ್ಡು ತರೋ ಕೆಲಸ ಹಚ್ಚಿದ್ದೆವು.