ಒಂದೇ ಗೋಡೆ, ಎರಡು ಮನೆ

ಪ್ರಶ್ನೆ ಇಷ್ಟೇ: ಲಂಡನ್ನಿನ ವಾಯವ್ಯ ಅಂಚಿನ ಪಿನ್ನರ್ ಥರದ ಹಳೇ ಬಡಾವಣೆಯಲ್ಲಿ ಮನೆ ಮಾಡಿ ನೆಲೆ ನಿಲ್ಲೋದು ಒಳ್ಳೆಯದಾ? ಅಲ್ಲಿ 19 ವರ್ಷದಿಂದ ಇರುವ ಒಬ್ಬರು ಹೌದು ಅನ್ನುತ್ತಾರೆ. ಏಳು ವರ್ಷ ಇದ್ದು ಬಿಟ್ಟುಬಂದ ಇನ್ನೊಬ್ಬರು ಬೇಡ ಅನ್ನುತ್ತಾರೆ.

ಪರ: ಗೋಡೆ ಕೇಳಿಸಿಕೊಳ್ಳುತ್ತದೆ

ನಮ್ಮದು 1934ರಲ್ಲಿ ಕಟ್ಟಿದ ಸೆಮಿ. ಎರಡು ಮನೆ ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ, ನಡುವೆ ಒಂದೇ ಗೋಡೆ. ಕೆಳಗೆ ಮುಂದಿನ ಕೋಣೆ, ಹಿಂದಿನ ಕೋಣೆ, ಅಡುಗೆಮನೆ. ಮೇಲೆ ಮಲಗೋಕೆ ಎರಡು ದೊಡ್ಡ ಕೋಣೆ, ಜೊತೆಗೆ ಒಂದು ಪುಟ್ಟ ಬಾಕ್ಸ್ ರೂಮ್. ಬೀದಿಯ ಅಷ್ಟೂ ಮನೆಗೆ ಹೆಚ್ಚುಕಡಿಮೆ ಇದೇ ನಕ್ಷೆ. ನಮ್ಮ ಬಾಕ್ಸ್ ರೂಮ್ ದೇವರಮನೆ ಆಗಿದೆ. ಪಕ್ಕದವರ ಬಾಕ್ಸ್ ರೂಮಲ್ಲಿ ಹೊಲಿಗೆ ಮಷೀನು ಇದೆ. ಮುಂಬಾಗಿಲ ಗಾಜಿನಲ್ಲಿ ಹುಟ್ಟೋ ಸೂರ್ಯನ ಚಿತ್ರ. ಆಗಿನ ಕಾಲಕ್ಕೆ ಅದು ಬಹಳ ಚಾಲ್ತಿಯಲ್ಲಿತ್ತು. ಬೇಸಿಗೆಯಲ್ಲಿ ಬೆಳಿಗ್ಗೆ ಆರು ಗಂಟೆಗೆ ಆ ಗಾಜಿನಿಂದ ಹಳದಿ, ಕೆಂಪು ಬೆಳಕು ಹಾಲಿನ ನೆಲಕ್ಕೆ ಬೀಳುತ್ತದೆ. ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತು ಅದನ್ನು ನೋಡೋದು ನನ್ನ ದಿನದ ಮೊದಲ ಕೆಲಸ.

ಈ ಊರನ್ನು ಬೆಳೆಸಿದ್ದು ರೈಲು. ಮೆಟ್ರೊಪಾಲಿಟನ್ ರೈಲ್ವೆ 1885ರಲ್ಲಿ ಪಿನ್ನರ್‌ಗೆ ಬಂತು. ಹಳಿ ಹಾಕಿ ಮಿಕ್ಕ ಜಮೀನನ್ನು ಮಾರದೆ ಇಟ್ಟುಕೊಳ್ಳುವ ಅನುಕೂಲ ಆ ಕಂಪನಿಗೆ ಇತ್ತು. 1915ರಲ್ಲಿ ತನ್ನ ಹಳಿಯ ಅಕ್ಕಪಕ್ಕದ ಸೀಮೆಗೆ 'ಮೆಟ್ರೊಲ್ಯಾಂಡ್' ಅಂತ ಹೆಸರಿಟ್ಟು ಪ್ರಚಾರ ಶುರುಮಾಡಿತು. 1919ರಲ್ಲಿ ಮನೆ, ಜಮೀನಿನ ವ್ಯವಹಾರಕ್ಕೆ ಅಂತಲೇ ಬೇರೆ ಕಂಪನಿ ಹುಟ್ಟಿಕೊಂಡಿತು. ಹಳ್ಳಿಯಲ್ಲಿ ಉಸಿರಾಡಿ, ಪಟ್ಟಣದಲ್ಲಿ ದುಡಿಯಿರಿ ಅನ್ನೋದು ಅದರ ಆಸೆಯ ಮಾತು. ದನ ಮೇಯುತ್ತಿದ್ದ ಬಯಲು ಇಪ್ಪತ್ತೇ ವರ್ಷದಲ್ಲಿ ಬೀದಿಯಾಯಿತು. ಆಮೇಲೆ ಯುದ್ಧ ಬಂದು ಕಟ್ಟೋ ಕೆಲಸ ನಿಂತಿತು. ಊರ ಸುತ್ತ ಕಟ್ಟಡ ಏಳದ ಹಾಗೆ ಬಯಲು ಬಿಡಿಸುವ 1938ರ ಗ್ರೀನ್ ಬೆಲ್ಟ್ ಕಾನೂನು, 1947ರ ನಗರ ಯೋಜನೆ ಕಾನೂನು ಊರಾಚೆಯ ಹಸಿರನ್ನು ಕಾದವು. ಅದಕ್ಕೇ ನಮ್ಮ ಮನೆಯಿಂದ ಅರ್ಧ ಗಂಟೆ ರೈಲಲ್ಲಿ ಹೋದರೆ ನಡು ಲಂಡನ್ನಿನ ಬೇಕರ್ ಸ್ಟ್ರೀಟ್, ಇನ್ನೊಂದು ದಿಕ್ಕಿಗೆ ಅರ್ಧ ಗಂಟೆ ನಡೆದರೆ ಹೊಲ. ಇದು ತಾನಾಗಿ ಉಳಿದದ್ದಲ್ಲ. ಯಾರೋ ಹಟ ಹಿಡಿದು ಉಳಿಸಿದ್ದು.

ಇಲ್ಲಿಯ ಜನ ಮಾತಾಡಲ್ಲ ಅಂತ ಎಲ್ಲರೂ ದೂರುತ್ತಾರೆ. ನಿಜ ಹೇಳಲಾ? ಮೊದಲ ನಾಲ್ಕು ವರ್ಷ ಪಕ್ಕದ ಮನೆಯಮ್ಮ ನನ್ನ ಹತ್ತಿರ ಮಳೆ, ಚಳಿ ಬಿಟ್ಟು ಬೇರೆ ಮಾತೇ ಆಡಿರಲಿಲ್ಲ. 1966ರಲ್ಲಿ ಮದುವೆಯಾಗಿ ಈ ಮನೆಗೆ ಬಂದವರು ಅವರು. ಒಂದು ಸಂಕ್ರಾಂತಿಗೆ ಬಾಗಿಲ ಮುಂದೆ ಅಂಗೈ ಅಗಲದ ರಂಗೋಲಿ ಹಾಕಿದ್ದೆ. ತಪ್ಪಿ ತಮ್ಮ ಮನೆಗೆ ಬಂದಿದ್ದ ನಮ್ಮ ಕಾಗದವೊಂದನ್ನು ಹಾಕೋಕೆ ಅವರು ಬಂದರು. ಕಿಟಕಿಯಿಂದ ನೋಡ್ತಾ ಇದ್ದೆ. ರಂಗೋಲಿ ಕಂಡು ನಿಂತರು. ಒಂದು ಕೈಯಲ್ಲಿ ಗೋಡೆ ಹಿಡಿದು, ಹೂವಿನ ಪಾತಿಯ ಅಂಚಿಗೆ ಕಾಲಿಟ್ಟು, ತುಳಿಯದ ಹಾಗೆ ಬಗ್ಗಿ ಲೆಟರ್‌ಬಾಕ್ಸಿಗೆ ಕಾಗದ ತೂರಿಸಿ, ಅದೇ ದಾರಿಯಲ್ಲಿ ಹಿಂದಕ್ಕೆ ಹೋದರು. ಬೆಲ್ ಒತ್ತಲೂ ಇಲ್ಲ. ಅವತ್ತು ನನಗೆ ಇವರ ಭಾಷೆ ಅರ್ಥವಾಯಿತು.

ಹನ್ನೆರಡು ವರ್ಷದ ಹಿಂದೆ ಹಾಸನದಲ್ಲಿ ನಮ್ಮಪ್ಪ ತೀರಿಕೊಂಡರು. ಫೋನ್ ಬಂದಾಗ ಇಲ್ಲಿ ಮಧ್ಯರಾತ್ರಿ. ನಾನು ಅತ್ತದ್ದು ಗೋಡೆಯಾಚೆ ಕೇಳಿಸಿರಬೇಕು. ಹತ್ತು ನಿಮಿಷದಲ್ಲಿ ಅವರು ನೈಟ್‌ಗೌನಿನ ಮೇಲೊಂದು ಕೋಟು ಹಾಕಿಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದರು. ಏನೂ ಕೇಳಲಿಲ್ಲ. ಕೆಟಲ್‌ಗೆ ನೀರು ತುಂಬಿದರು. ನಾನು ಊರಲ್ಲಿದ್ದ ಎರಡು ವಾರ ನನ್ನ ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಕರೆತಂದವರು ಅವರೇ. ಅವತ್ತಿನಿಂದ ನಮ್ಮ ಮನೆ ಕೀಲಿಕೈ ಅವರ ಅಡುಗೆಮನೆಯಲ್ಲಿ ತೂಗುತ್ತದೆ, ಅವರದ್ದು ನಮ್ಮಲ್ಲಿ.

ಇಂಥ ನಂಟಿಗೆ ವರ್ಷಗಳು ಬೇಕು. ಎರಡು ವರ್ಷಕ್ಕೊಮ್ಮೆ ಬಾಡಿಗೆದಾರರು ಬದಲಾಗೋ ಕಡೆ ಅದು ಎಲ್ಲಿಂದ ಬರಬೇಕು? ಅಲಾಟ್‌ಮೆಂಟಿನಲ್ಲಿ ತರಕಾರಿ ಬೆಳೆಯೋಕೆ ತುಂಡು ಜಾಗ ಸಿಗೋದಕ್ಕೇ ಮೂರು ವರ್ಷ ಕಾದೆ. ಪೂರ್ತಿ ಪಾಲು ಅಂದರೆ ಹಳೇ ಲೆಕ್ಕದಲ್ಲಿ ಹತ್ತು ರಾಡ್, ಸುಮಾರು 250 ಚದರ ಮೀಟರ್. ನನ್ನದು ಅದರ ಅರ್ಧ. ಮೆಂತ್ಯ, ಬೀನ್ಸ್, ಆಲೂಗಡ್ಡೆ ಚೆನ್ನಾಗಿ ಬರುತ್ತವೆ. ಪಕ್ಕದ ಪಾಲಿನ ತಾತ ಬೀನ್ಸ್ ಬೀಜ ಕೊಟ್ಟರು, ನಾನು ಮೆಂತ್ಯ ಕೊಟ್ಟೆ. ವರ್ಷಕ್ಕೊಂದು ದಿನ ಮಾತ್ರ ನಮ್ಮ ಊರು ಗದ್ದಲ ಮಾಡುತ್ತದೆ. ಮೇ ಕೊನೆಯ ರಜೆಯ ನಂತರದ ಬುಧವಾರ ಪಿನ್ನರ್ ಜಾತ್ರೆ. ಮೂರನೇ ಎಡ್ವರ್ಡ್ ದೊರೆ 1336ರಲ್ಲಿ ಕೊಟ್ಟ ಸನ್ನದಿನಿಂದ ಶುರುವಾದದ್ದು. ಹಂಪಿಯಲ್ಲಿ ವಿಜಯನಗರ ತಲೆಯೆತ್ತಿದ್ದು ಅದೇ ವರ್ಷ ಅಂತ ನಾವು ಓದಿದ್ದೇವಲ್ಲ, ಅದನ್ನು ಮಕ್ಕಳಿಗೆ ಹೇಳಿದಾಗ ಎರಡೂ ಊರು ಅವರದ್ದಾದವು ಅನ್ನಿಸಿತು.

ವಿರೋಧ: ಗೋಡೆಯಾಚೆ ಸದ್ದಿಲ್ಲ

ಅಕ್ಕ ಬರೆದದ್ದನ್ನು ಓದಿ ನನ್ನ ಕಣ್ಣು ತುಂಬಿತು. ಅವರಿಗೆ ಸಿಕ್ಕಿದ್ದು ನನಗೆ ಸಿಗಲಿಲ್ಲ. ಎಲ್ಲರಿಗೂ ಅಂಥ ನೆರೆಯವರು ಸಿಗುತ್ತಾರೆ ಅಂತ ಹೇಳೋದೂ ಸರಿಯಲ್ಲ.

ಅಂಥದೇ ಸೆಮಿಯಲ್ಲಿ ನಾವೂ ಏಳು ವರ್ಷ ಇದ್ದೆವು. ಗೋಡೆಯಾಚೆ ಒಬ್ಬರೇ ಇದ್ದ ವಯಸ್ಸಾದವರು. ದಿನಾ ಸಂಜೆ ಆರಕ್ಕೆ ಅವರ ಟೀವಿ ವಾರ್ತೆ ನಮಗೆ ಸಣ್ಣಗೆ ಕೇಳುತ್ತಿತ್ತು. ಮಗಳಿಗೆ ಅದೇ ಊಟದ ಗಂಟೆ. ಒಂದು ಜನವರಿಯಲ್ಲಿ ಸದ್ದು ನಿಂತಿತು. ಮಗನ ಮನೆಗೆ ಹೋಗಿರಬೇಕು ಅಂದುಕೊಂಡೆವು. ಹೋಗಿ ಬಾಗಿಲು ತಟ್ಟೋಣ ಅಂತ ನನ್ನ ಹೆಂಡತಿ ಎರಡು ಸಲ ಹೇಳಿದಳು. ಸುಮ್ನೆ ಅವರಿಗೆ ಯಾಕೆ ತೊಂದರೆ ಅಂತ ನಾನೇ ತಡೆದೆ. ಮೂರು ವಾರ ಕಳೆದ ಮೇಲೆ ಬಾಗಿಲ ಮುಂದೆ ಕಪ್ಪು ಕಾರು ನಿಂತಾಗ ವಿಷಯ ಗೊತ್ತಾಯಿತು. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರಂತೆ. ಒಂದೇ ಗೋಡೆ ಹಂಚಿಕೊಂಡಿದ್ದೆವು. ಅವರ ಪೂರ್ತಿ ಹೆಸರೂ ನನಗೆ ಗೊತ್ತಿರಲಿಲ್ಲ.

ತಪ್ಪು ನನ್ನದೂ ಹೌದು. ಆದರೆ ಆ ತಪ್ಪನ್ನು ನನಗೆ ಕಲಿಸಿದ್ದು ಆ ಬೀದಿ. ಮಗಳ ನಾಮಕರಣದ ದಿನ ಮೂವತ್ತು ಜನ ಬಂದಿದ್ದರು. ಮಾರನೇ ದಿನ ಬೆಳಿಗ್ಗೆ ಲೆಟರ್‌ಬಾಕ್ಸಿನಲ್ಲಿ ಒಂದು ಚೀಟಿ: ಮುಂದಿನ ಸಲ ಅತಿಥಿಗಳ ಕಾರುಗಳ ಬಗ್ಗೆ ಗಮನವಿರಲಿ, ಧನ್ಯವಾದ. ಸಹಿ ಇಲ್ಲ. ಬೈದಿದ್ದರೂ ಪರವಾಗಿರಲಿಲ್ಲ, ಬಾಗಿಲಿಗೆ ಬಂದು ಬೈದಿದ್ದರೆ ಪಾಯಸ ಕೊಟ್ಟು ಕೂರಿಸುತ್ತಿದ್ದೆ. ಯಾರು ಬರೆದದ್ದು ಅಂತ ತಿಳಿಯದೆ ಆ ವಾರವಿಡೀ ಎದುರಾದವರ ಮುಖವನ್ನೆಲ್ಲ ಹುಡುಕಿದೆ. ಅದಾದ ಮೇಲೆ ನಾವು ಮನೆಯೊಳಗೂ ಮೆಲ್ಲಗೆ ಮಾತಾಡೋದು ಕಲಿತೆವು.

ನೆಲೆ ನಿಂತ ಊರು ಅನ್ನೋದಕ್ಕೆ ಇನ್ನೊಂದು ಮುಖ ಇದೆ. ಅಲ್ಲಿ ಮನೆ ಖಾಲಿಯಾಗೋದೇ ಅಪರೂಪ. ಖಾಲಿಯಾದರೂ ಬೆಲೆ ಕೈಗೆ ಎಟುಕಲ್ಲ. ಅಲ್ಲೇ ಹುಟ್ಟಿ ಬೆಳೆದ ಮಕ್ಕಳೇ ದೂರ ಹೋಗಿ ಬಾಡಿಗೆ ಮನೆ ಹುಡುಕುತ್ತಾರೆ. ಇಂಗ್ಲೆಂಡಿನಲ್ಲಿ ಮನೆಗೆ ಕಟ್ಟೋ ಕೌನ್ಸಿಲ್ ತೆರಿಗೆಗೆ ಇವತ್ತಿಗೂ 1991ರ ಏಪ್ರಿಲ್‌ನ ಮನೆ ಬೆಲೆಯೇ ಆಧಾರ, ಆದರೆ ಮನೆ ಕೊಳ್ಳೋಕೆ ಇವತ್ತಿನ ಬೆಲೆಯನ್ನೇ ಕೊಡಬೇಕು. ಮೊದಲೇ ಕೊಂಡವರಿಗೆ ಕಾಲ ನಿಂತಿದೆ, ಆಮೇಲೆ ಬಂದವರಿಗೆ ಓಡುತ್ತಿದೆ. ಅಕ್ಕ ಹೊಗಳಿದ ಗ್ರೀನ್ ಬೆಲ್ಟಿನಿಂದ ಹೊಲ ಉಳಿಯಿತು, ಸಂತೋಷ. ಹೊಸಬರಿಗೆ ಜಾಗ ಕಮ್ಮಿಯಾದದ್ದಕ್ಕೆ ಅದೂ ಒಂದು ಕಾರಣ ಅಂತ ನಾನು ನಂಬುತ್ತೇನೆ.

ಎಲ್ಲಕ್ಕಿಂತ ಜಾಸ್ತಿ ನನ್ನನ್ನು ಕಾಡಿದ್ದು ಅಮ್ಮ. ಶಿವಮೊಗ್ಗದಿಂದ ಆರು ತಿಂಗಳ ವೀಸಾದಲ್ಲಿ ಬಂದಿದ್ದರು. ನಾವಿಬ್ಬರೂ ಕೆಲಸಕ್ಕೆ, ಮಗು ನರ್ಸರಿಗೆ. ಅಮ್ಮ ಬೀದಿ ಕಡೆಗೆ ಚಾಚಿಕೊಂಡ ಬೇ ಕಿಟಕಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಊರಲ್ಲಿ ಜಗಲಿಯ ಮೇಲೆ ಕೂತರೆ ಹೂವಿನವಳು, ಹಾಲಿನವನು, ಯಾರಾದರೂ ಒಬ್ಬರು ಊಟ ಆಯ್ತಾ ಅಂತ ಕೇಳಿಕೊಂಡೇ ಮುಂದೆ ಹೋಗೋದು. ಇಲ್ಲಿ ಬೆಳಿಗ್ಗೆ ಟಪಾಲಿನವರು, ಮಧ್ಯಾಹ್ನ ಒಂದು ನಾಯಿ, ಅದರ ಹಿಂದೆ ಒಬ್ಬರು. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಕತ್ತಲು. ಒಂದು ಸಂಜೆ ಕೇಳಿದರು, "ಮಗಾ, ಈ ಮನೆಗಳಲ್ಲಿ ಜನ ಇದ್ದಾರಾ?" ನಾನು ಉತ್ತರ ಕೊಡಲಿಲ್ಲ.

ಆಮೇಲೆ ನಾವು ವೆಂಬ್ಲಿಗೆ ಬಂದೆವು. ಅದೂ ಮೆಟ್ರೊಲ್ಯಾಂಡಿನದೇ ತುಂಡು. ನಮ್ಮ ಬೀದಿಯಲ್ಲಿರೋದೂ ಅದೇ ಸೆಮಿಗಳು, ಅದೇ ಬೇ ಕಿಟಕಿ. ಹಾಗಾಗಿ ನನ್ನ ಜಗಳ ಮನೆಯ ಜೊತೆ ಅಲ್ಲ. ಆದರೆ ಇಲ್ಲಿ ಹತ್ತು ನಿಮಿಷ ನಡೆದರೆ ಈಲಿಂಗ್ ರೋಡ್. ಫುಟ್‌ಪಾತಿನವರೆಗೂ ಹೀರೇಕಾಯಿ, ಹಾಗಲಕಾಯಿ, ತೆಂಗಿನಕಾಯಿ ರಾಶಿ. ಸೀರೆ ಅಂಗಡಿ, ಒಡವೆ ಅಂಗಡಿ, 2010ರಲ್ಲಿ ಬಾಗಿಲು ತೆರೆದ ಕಲ್ಲಿನ ಸನಾತನ ಮಂದಿರ. ಗದ್ದಲ ಇದೆ, ಕಸವೂ ಇದೆ, ಕಾರು ನಿಲ್ಲಿಸೋಕೆ ಜಾಗ ಇಲ್ಲ. ಮಗಳ ಸ್ಕೂಲಿನ ಹತ್ತಿರ ಒಂದು ಒಳ್ಳೆಯ ಮರವೂ ಇಲ್ಲ, ಆ ಕೊರಗು ನನಗಿದೆ.

ಹೋದ ವರ್ಷ ಅಮ್ಮ ಮತ್ತೆ ಬಂದರು. ಒಂದು ಮಧ್ಯಾಹ್ನ ಕೊತ್ತಂಬರಿ ತರ್ತೀನಿ ಅಂತ ಒಬ್ಬರೇ ಹೋದವರು ಒಂದೂವರೆ ಗಂಟೆಯಾದರೂ ಬರಲಿಲ್ಲ. ಗಾಬರಿಯಿಂದ ಹುಡುಕಿಕೊಂಡು ಹೋದೆ. ಮಂದಿರದ ಹತ್ತಿರ ಬೆಂಚಿನ ಮೇಲೆ ಒಬ್ಬ ಗುಜರಾತಿ ಅಜ್ಜಿಯ ಪಕ್ಕ ಕೂತಿದ್ದರು. ಅಮ್ಮನಿಗೆ ಗುಜರಾತಿ ಬರಲ್ಲ, ಆ ಅಜ್ಜಿಗೆ ಕನ್ನಡ ಬರಲ್ಲ. ಇಷ್ಟು ಹೊತ್ತು ಏನು ಮಾತಾಡಿದ್ರಿ ಅಂತ ಕೇಳಿದೆ. "ಅವರಿಗೆ ಬಲಗಾಲು ಮಂಡಿನೋವಂತೆ, ನನಗೆ ಎಡಗಾಲು" ಅಂದರು. ಕೊತ್ತಂಬರಿ ಕಟ್ಟು ಅವರ ಮಡಿಲಲ್ಲೇ ಇತ್ತು, ಅರ್ಧ ಬಿಡಿಸಿ ಮುಗಿದಿತ್ತು.