ಕದ್ದದ್ದು ಒಂದು ಸಲ, ಕಳ್ಳ ಅನ್ನಿಸಿಕೊಳ್ಳುವುದು ಎಷ್ಟು ದಿನ?

ನಿನ್ನೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ನಮ್ಮ ಬಂಧುಗಳ ವಾಟ್ಸಾಪ್ ಗುಂಪಿಗೆ ಯಾರೋ ಒಂದು ವಿಡಿಯೋ ಹಾಕಿದ್ದರು. ಹದಿನಾಲ್ಕೋ ಹದಿನೈದೋ ವಯಸ್ಸಿನ ಹುಡುಗ. ಮೊಬೈಲ್ ಕದ್ದು ಸಿಕ್ಕಿಬಿದ್ದಿದ್ದಾನಂತೆ. ಕಂಬಕ್ಕೆ ಕಟ್ಟಿದ್ದಾರೆ. ಒಬ್ಬ ಅವನ ಕೂದಲು ಹಿಡಿದು ಮುಖ ಮೇಲಕ್ಕೆ ಎತ್ತುತ್ತಾನೆ, ಕ್ಯಾಮೆರಾದಲ್ಲಿ ಚೆನ್ನಾಗಿ ಕಾಣಲಿ ಅಂತ. ಸುತ್ತ ಇಪ್ಪತ್ತು ಮೂವತ್ತು ಜನ. ಬಿಡಿಸುವ ಕೈ ಒಂದೂ ಇಲ್ಲ. ಎಲ್ಲ ಕೈಯಲ್ಲೂ ಫೋನು. ಕೆಳಗೆ ನಮ್ಮವರೇ ಬರೆದಿದ್ದಾರೆ: "ಕಳ್ಳನಿಗೆ ಹೀಗೇ ಆಗಬೇಕು." "ಕೈ ಕತ್ತರಿಸಬೇಕು ಇಂಥವರದ್ದು."

ಇದೇ ಗುಂಪಿನಲ್ಲಿ ಹೋದ ವಾರ ಒಬ್ಬರು, ಇಲ್ಲದ ಖರ್ಚಿಗೆ ಬಿಲ್ಲು ತೋರಿಸಿ ತೆರಿಗೆ ಉಳಿಸಿದ್ದನ್ನು ವಿವರವಾಗಿ ಬರೆದಿದ್ದರು. ಅದಕ್ಕೆ ಬಂದ ಉತ್ತರ "ನಿಮ್ಮ ತಲೆಗೆ ಮೆಚ್ಚಬೇಕು" ಅಂತ. ಒಂದೇ ಜನ. ಒಂದೇ ಗುಂಪು. ನಡುವೆ ಆರು ದಿನ.

ನನ್ನ ಸಿಟ್ಟು ಇರುವುದು ಒಂದು ಪದದ ಮೇಲೆ. ಆ ಹುಡುಗ ಕದ್ದ. ಸರಿ, ಕದ್ದಿರಬಹುದು. ಅದು ಅವನು ಮಾಡಿದ ಒಂದು ಕೆಲಸ. ಆದರೆ ನಾವು "ಕದ್ದ" ಅನ್ನುವುದಿಲ್ಲ, "ಕಳ್ಳ" ಅನ್ನುತ್ತೇವೆ. ಕದ್ದದ್ದು ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಕಳ್ಳ ಅನ್ನುವುದು ಮುಗಿಯುವುದಿಲ್ಲ, ಅದು ಹೆಸರಾಗಿಬಿಡುತ್ತದೆ. ಇನ್ನು ಮುಂದೆ ಅವನು ಓದಿದರೂ ಕಳ್ಳ, ದುಡಿದರೂ ಕಳ್ಳ, ಸುಮ್ನೆ ರಸ್ತೆ ಬದಿ ನಿಂತಿದ್ದರೂ ಕಳ್ಳ. ಅದೇ ಬಿಲ್ಲು ತೋರಿಸಿದವರಿಗೆ ನಮ್ಮ ಹತ್ತಿರ ಬೇರೆ ಪದಗಳಿವೆ. ಬಡವನದ್ದು ಕಳ್ಳತನ, ದೊಡ್ಡವರದ್ದು "ಅವ್ಯವಹಾರ". ಇನ್ನೂ ದೊಡ್ಡವರದ್ದಾದರೆ "ಲೋಪದೋಷ". ಕಳ್ಳತನ ಮಾಡಿದವನು ಕಳ್ಳ. ಅವ್ಯವಹಾರ ಮಾಡಿದವನನ್ನು ಏನೆಂದು ಕರೆಯುತ್ತೀರಿ? ಅವನಿಗೆ ಹೆಸರೇ ಇಲ್ಲ. ನಮ್ಮ ಭಾಷೆ ಅವನಿಗೆ ಒಂದು ಹೆಸರು ಹುಟ್ಟಿಸಲೇ ಇಲ್ಲ.

ನಾನು ಎಷ್ಟು ವರ್ಷದಿಂದ ಸಮಾಜಶಾಸ್ತ್ರ ಪಾಠ ಮಾಡುತ್ತಿದ್ದೇನೆ ಅಂತ ನಿಮಗೆಲ್ಲ ಗೊತ್ತು. ಅಮೆರಿಕದ ಸಮಾಜಶಾಸ್ತ್ರಜ್ಞ ಹೊವಾರ್ಡ್ ಬೆಕರ್ 1963ರಲ್ಲಿ ಹೇಳಿದ್ದನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಯಾವ ಕೆಲಸವೂ ತನ್ನಷ್ಟಕ್ಕೆ ತಾನೇ "ದಾರಿ ತಪ್ಪಿದ್ದು" ಆಗಿರುವುದಿಲ್ಲ. ನಿಯಮ ಮಾಡುವವರು ಇರುತ್ತಾರೆ, ಅದನ್ನು ಯಾರ ಮೇಲೆ ಹಾಕಬೇಕು ಅಂತ ತೀರ್ಮಾನಿಸುವವರು ಇರುತ್ತಾರೆ. ಹಣೆಪಟ್ಟಿ ಯಾರಿಗೆ ಅಂಟಿತೋ ಅವನು ದಾರಿ ತಪ್ಪಿದವನು. ಅವನಿಗಿಂತ ಮುಂಚೆ, 1951ರಲ್ಲಿ, ಅಲ್ಲಿಯವನೇ ಆದ ಎಡ್ವಿನ್ ಲೆಮರ್ಟ್ ಇನ್ನೊಂದು ಮಾತು ಹೇಳಿದ್ದ. ಮೊದಲ ತಪ್ಪು ಬೇರೆ, ಎರಡನೆಯದು ಬೇರೆ. ಮೊದಲನೆಯದಕ್ಕೆ ನೂರು ಕಾರಣ ಇರಬಹುದು. ಆಮೇಲೆ ಜನ ಅವನನ್ನು ನೋಡುವ ರೀತಿ ಬದಲಾಗುತ್ತದೆ. ಅವನೂ ತನ್ನನ್ನು ಹಾಗೇ ನೋಡಿಕೊಳ್ಳಲು ಶುರು ಮಾಡುತ್ತಾನೆ. ಅಲ್ಲಿಂದ ಹುಟ್ಟುವ ತಪ್ಪೇ ಎರಡನೆಯದು. ಅದನ್ನು ಮಾಡಿಸಿದ್ದರಲ್ಲಿ ನಮ್ಮ ಕೈಯೂ ಇರುತ್ತದೆ.

ಇದಕ್ಕೆ ವಿದೇಶದ ಹೆಸರುಗಳೇ ಬೇಕಾಗಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಚಿಕ್ಕಂದಿನಲ್ಲಿ ನಾನು ಆ ಗಾದೆಯನ್ನು ಎಚ್ಚರಿಕೆ ಅಂದುಕೊಂಡಿದ್ದೆ: ಅಡಿಕೆ ಕದಿಯಬೇಡ ಅಂತ. ಈಗ ಕೇಳಿದರೆ ಸಂಕಟ ಆಗುತ್ತದೆ. ಆನೆ ಕೊಟ್ಟರೂ ಯಾಕೆ ಬಾರದು? ಹೋದ ಮಾನವನ್ನು ಕೈಯಲ್ಲಿ ಹಿಡಿದು ಕೂತವರು ಯಾರು? ನಾವೇ ಅಲ್ವಾ?

ಸಮಾಜಶಾಸ್ತ್ರಜ್ಞ ವಿಲಿಯಂ ಚಾಂಬ್ಲಿಸ್ 1973ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಅಮೆರಿಕದ ಒಂದೇ ಹೈಸ್ಕೂಲಿನ ಎರಡು ಗುಂಪುಗಳನ್ನು ಅವನು ಎರಡು ವರ್ಷ ಹತ್ತಿರದಿಂದ ನೋಡಿದ. ಒಂದರಲ್ಲಿ ಅನುಕೂಲಸ್ಥರ ಮನೆಯ ಎಂಟು ಹುಡುಗರು. ಇನ್ನೊಂದರಲ್ಲಿ ಬಡವರ ಮನೆಯ ಆರು ಹುಡುಗರು. ಎಂಟು ಜನ ಶಾಲೆಗೆ ಚಕ್ಕರ್ ಹೊಡೆಯುತ್ತಿದ್ದರು, ಕುಡಿಯುತ್ತಿದ್ದರು, ಕಂಡಾಪಟ್ಟೆ ಕಾರು ಓಡಿಸುತ್ತಿದ್ದರು, ಖಾಲಿ ಮನೆಗಳಿಗೆ ನುಗ್ಗಿ ಹಾಳು ಮಾಡುತ್ತಿದ್ದರು. ಆರು ಜನರೂ ಅಂಥದ್ದೇ ಮಾಡುತ್ತಿದ್ದರು, ಜೊತೆಗೆ ಹೊಡೆದಾಟ. ಒಟ್ಟಾರೆ ನೋಡಿದರೆ ಎರಡೂ ಗುಂಪಿನ ತಪ್ಪು ಹೆಚ್ಚುಕಮ್ಮಿ ಸಮ ಅಂತ ಅವನಿಗೆ ಅನ್ನಿಸಿತು. ಆದರೆ ಆ ಎರಡು ವರ್ಷದಲ್ಲಿ ಎಂಟು ಜನರಲ್ಲಿ ಒಬ್ಬನ ಬಂಧನವೂ ಆಗಲಿಲ್ಲ. ಆರು ಜನರ ಹಿಂದೆ ಪೊಲೀಸರು ಬಿಟ್ಟೂ ಬಿಡದೆ ಬಿದ್ದಿದ್ದರು. ಎಂಟು ಜನರ ಹತ್ತಿರ ಕಾರು ಇತ್ತು, ದೂರ ಹೋಗಿ ಮಾಡುತ್ತಿದ್ದರು. ಸಿಕ್ಕಿಬಿದ್ದರೆ ತಲೆ ತಗ್ಗಿಸಿ "ಸಾರ್, ತಪ್ಪಾಯ್ತು" ಅನ್ನುತ್ತಿದ್ದರು. ಆರು ಜನ ಎಲ್ಲರಿಗೂ ಕಾಣುವ ಜಾಗದಲ್ಲೇ ನಿಲ್ಲುತ್ತಿದ್ದರು. ನಿಲ್ಲಲು ಬೇರೆ ಜಾಗ ಇರಲಿಲ್ಲ.

ಮುಂದೆ ಏನಾಯಿತು ಅನ್ನುವುದನ್ನು ಪಾಠ ಮಾಡುವಾಗ ಪ್ರತಿ ಸಲವೂ ನನ್ನ ದನಿ ಬದಲಾಗುತ್ತದೆ. ಎಂಟು ಜನರಲ್ಲಿ ಹೆಚ್ಚಿನವರು ಓದಿ ಒಳ್ಳೆಯ ಕೆಲಸ ಹಿಡಿದರು. ಆರು ಜನರಲ್ಲಿ ಇಬ್ಬರು ಕೊಲೆ ಮಾಡಿ ಜೈಲಿಗೆ ಹೋದರು. ಆದರೆ ಅದೇ ಆರರಲ್ಲಿ ಇನ್ನಿಬ್ಬರಿದ್ದರು. ಅವರು ಆಟದಲ್ಲಿ ಚುರುಕಾಗಿದ್ದರು. ಆಟದ ಮೇಲೆ ವಿದ್ಯಾರ್ಥಿವೇತನ ಸಿಕ್ಕಿತು, ಕಾಲೇಜಿಗೆ ಹೋದರು, ಆಮೇಲೆ ಮಕ್ಕಳಿಗೆ ಕಲಿಸುವವರಾದರು. ಅದೇ ಬೀದಿ, ಅದೇ ಬಡತನ, ಅದೇ ಹೊಡೆದಾಟ. ಯಾರೋ ಒಬ್ಬರು ಅವರನ್ನು "ಆಟಗಾರ" ಅಂತ ಕರೆದರು. ಕಳ್ಳ ಅನ್ನುವುದರ ಪಕ್ಕದಲ್ಲಿ ಇನ್ನೊಂದು ಹೆಸರು ಸಿಕ್ಕಿತು.

ನಿನ್ನೆಯ ವಿಡಿಯೋದ ಹುಡುಗನಿಗೆ ಅಂಥ ಇನ್ನೊಂದು ಹೆಸರು ಯಾರು ಕೊಡುತ್ತಾರೆ? ಅವನ ಮುಖ ಈಗಾಗಲೇ ಸಾವಿರಾರು ಫೋನಿನಲ್ಲಿ ಇದೆ. ಮಕ್ಕಳು ತಪ್ಪು ಮಾಡಿದರೆ ಅವರ ಗುರುತು ಹೊರಗೆ ಬಿಡಬಾರದು ಅಂತ ಎಷ್ಟೋ ದೇಶಗಳಲ್ಲಿ ಕಾನೂನು ಇದೆ. ಸುಮ್ನೆ ಮಾಡಿದ ಕಾನೂನಲ್ಲ ಅದು. ಹದಿಹರೆಯದಲ್ಲಿ ಏರುವ ಅಪರಾಧ ಇಪ್ಪತ್ತು ದಾಟಿದ ಮೇಲೆ ಇಳಿಯುತ್ತದೆ ಅನ್ನುವುದನ್ನು ಹತ್ತೊಂಬತ್ತನೆಯ ಶತಮಾನದಿಂದಲೂ ಅಂಕಿಅಂಶ ನೋಡಿದವರು ಹೇಳುತ್ತಾ ಬಂದಿದ್ದಾರೆ. ಆ ವಯಸ್ಸಿನಲ್ಲಿ ತಪ್ಪು ಮಾಡಿದ ಬಹುಪಾಲು ಮಕ್ಕಳು ತಾವಾಗಿಯೇ ಅದನ್ನು ಬಿಡುತ್ತಾರೆ. ಆದರೆ ಕೆಲಸ ಬಿಟ್ಟಷ್ಟು ಸುಲಭವಾಗಿ ಹೆಸರು ಬಿಡುವುದಿಲ್ಲ.

ಗುಂಪಿನಲ್ಲಿ ನಾನು ಇದನ್ನೇ ಸ್ವಲ್ಪ ಬರೆದೆ. ತಕ್ಷಣ ಚಿಕ್ಕಪ್ಪನ ಉತ್ತರ ಬಂತು: "ನಿನ್ನ ಮನೆಗೆ ನುಗ್ಗಿದ್ದರೆ ಹೀಗೆ ಮಾತಾಡ್ತಿದ್ದೆಯಾ?"

ಚಿಕ್ಕಪ್ಪ, ನುಗ್ಗಿದ್ದರು. ನಿಮಗೂ ಗೊತ್ತು. ಬೀಗ ಒಡೆದು ಎಲ್ಲ ಎತ್ತಿಕೊಂಡು ಹೋಗಿದ್ದರು. ಅಮ್ಮ ಆಮೇಲೆ ಎಷ್ಟೋ ತಿಂಗಳು ರಾತ್ರಿ ಎದ್ದೆದ್ದು ಬಾಗಿಲು ಎಳೆದು ನೋಡುತ್ತಿದ್ದರು. ಆ ದಿನ ಅವನು ಕೈಗೆ ಸಿಕ್ಕಿದ್ದರೆ ನಾನೂ ಹೊಡೆಯುತ್ತಿದ್ದೆನೇನೋ. ಅದಕ್ಕೇ ಹೇಳುತ್ತೇನೆ, ಶಿಕ್ಷೆಯನ್ನು ಆ ದಿನದ ನನ್ನ ಕೈಗೆ ಕೊಡಬಾರದು. ನಿಮ್ಮ ಕೈಗೂ. ವಿಚಾರಣೆ, ಸಾಕ್ಷಿ, ನ್ಯಾಯಾಧೀಶ ಅಂತ ಮನುಷ್ಯರು ಇಷ್ಟೆಲ್ಲ ಕಟ್ಟಿಕೊಂಡದ್ದು ಯಾಕೆ? ನೋವಿನಲ್ಲಿ ಇರುವವರು ಅಳತೆ ಮಾಡಲಾರರು ಅಂತಲೇ. ಮತ್ತೆ ನಿನ್ನೆ ಹೊಡೆದವರಲ್ಲಿ ಮೊಬೈಲ್ ಕಳೆದುಕೊಂಡವರು ಒಬ್ಬರು. ಉಳಿದವರು ಏನು ಕಳೆದುಕೊಂಡಿದ್ದರು?

ಈ ಪ್ರಶ್ನೆಗೆ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಖೈಮ್ ಹತ್ತಿರ ಉತ್ತರ ಇದೆ. ಶಿಕ್ಷೆಯ ಕೆಲಸ ತಪ್ಪು ಮಾಡಿದವನನ್ನು ತಿದ್ದುವುದಕ್ಕಿಂತ ಜಾಸ್ತಿ ಉಳಿದವರ ಮೇಲೆ ನಡೆಯುತ್ತದೆ ಅಂತ ಅವನು 1893ರಲ್ಲೇ ಬರೆದ. ಒಬ್ಬನನ್ನು ಶಿಕ್ಷಿಸುವಾಗ ನಾವೆಲ್ಲ ಒಂದು ಅನ್ನಿಸುತ್ತದೆ. ನಾವು ಸರಿಯಾದವರು ಅನ್ನಿಸುತ್ತದೆ. ಸಂತರೇ ತುಂಬಿದ ಸಮಾಜದಲ್ಲೂ ಚಿಕ್ಕದೊಂದು ತಪ್ಪನ್ನು ದೊಡ್ಡ ಅಪರಾಧ ಮಾಡಿಯೇ ಮಾಡುತ್ತಾರೆ ಅಂತ ಎರಡು ವರ್ಷ ಬಿಟ್ಟು ಮತ್ತೆ ಬರೆದ. ಆ ಇಪ್ಪತ್ತು ಮೂವತ್ತು ಜನರ ಮುಖ ನೋಡಿ. ಅಲ್ಲಿ ಸಿಟ್ಟು ಕಡಿಮೆ, ಹುರುಪು ಜಾಸ್ತಿ. ಆ ಹುಡುಗನ ಖರ್ಚಿನಲ್ಲಿ ಅವರೆಲ್ಲ ಅರ್ಧ ಗಂಟೆ ಒಳ್ಳೆಯವರಾಗಿದ್ದರು.

ಈ ಹುರುಪು ಹೊಸದಲ್ಲ. ಇಂಗ್ಲೆಂಡಿನಲ್ಲಿ 1868ರ ತನಕ ಜನರ ಮುಂದೆಯೇ ಗಲ್ಲಿಗೆ ಹಾಕುತ್ತಿದ್ದರು. ಫ್ರಾನ್ಸಿನಲ್ಲಿ 1939ರ ಜೂನ್‌ನಲ್ಲಿ ವರ್ಸಾಯ್ ಜೈಲಿನ ಹೊರಗೆ ಒಬ್ಬನ ತಲೆ ಕಡಿದರು. ಸೇರಿದ ಜನ ಗಲಾಟೆ ಎಬ್ಬಿಸಿದರು. ಹತ್ತಿರದ ಮನೆಯಿಂದ ಯಾರೋ ಅದನ್ನು ಫಿಲ್ಮಿನಲ್ಲಿ ಹಿಡಿದರು, ಪತ್ರಿಕೆಗಳಲ್ಲಿ ಚಿತ್ರಗಳು ಬಂದವು. ಸರ್ಕಾರಕ್ಕೇ ನಾಚಿಕೆಯಾಗಿ ಬಹಿರಂಗವಾಗಿ ಕೊಲ್ಲುವುದನ್ನು ನಿಲ್ಲಿಸಿತು. ಆಗ ಕ್ಯಾಮೆರಾ ಕಂಡು ನಾಚಿಕೆಯಾಗಿತ್ತು. ಈಗ ಕ್ಯಾಮೆರಾಕ್ಕಾಗಿಯೇ ಹೊಡೆಯುತ್ತಿದ್ದಾರೆ.

ಅದೇ 1939ರ ಡಿಸೆಂಬರ್‌ನಲ್ಲಿ ಎಡ್ವಿನ್ ಸದರ್‌ಲ್ಯಾಂಡ್ ಅಮೆರಿಕದ ಸಮಾಜಶಾಸ್ತ್ರಜ್ಞರ ಸಭೆಯಲ್ಲಿ ಅಧ್ಯಕ್ಷನಾಗಿ ಮಾತಾಡಿದ. ಬಡವರನ್ನೇ ನೋಡಿ ಅಪರಾಧಕ್ಕೆ ಕಾರಣ ಹುಡುಕಿದ್ದು ಸಾಕು, ಇಸ್ತ್ರಿ ಮಾಡಿದ ಅಂಗಿ ತೊಟ್ಟವರನ್ನೂ ನೋಡಿ ಅಂದ. ಬಿಳಿ ಕಾಲರ್ ಅಪರಾಧ ಅನ್ನುವ ಹೆಸರು ಅಲ್ಲಿಂದ ಬಂತು. ಹತ್ತು ವರ್ಷದ ಮೇಲೆ ಅವನು 70 ದೊಡ್ಡ ಕಂಪನಿಗಳ ದಾಖಲೆ ತೆಗೆದು ಪುಸ್ತಕ ಬರೆದ. ಕಾನೂನು ಮುರಿದಿವೆ ಅಂತ ಅವುಗಳ ವಿರುದ್ಧ ಕೋರ್ಟು, ಆಯೋಗಗಳಿಂದ ಒಟ್ಟು 980 ತೀರ್ಮಾನಗಳು ಬಂದಿದ್ದವು. ಸರಾಸರಿ ಒಂದೊಂದಕ್ಕೆ 14. ಮೊಬೈಲ್ ಕದ್ದ ಹುಡುಗನ ಹೆಸರಿನ ಮುಂದೆ 14 ಪ್ರಕರಣ ಇದ್ದಿದ್ದರೆ ಏನು ಅನ್ನುತ್ತಿದ್ದೆವು ಅಂತ ಯೋಚನೆ ಮಾಡಿ. ಆದರೆ ಆ ತೀರ್ಮಾನಗಳಲ್ಲಿ ಹೆಚ್ಚಿನವು ಕ್ರಿಮಿನಲ್ ಕೋರ್ಟಿನಲ್ಲಿ ಆದವಲ್ಲ. ಹಾಗಾಗಿ ಕಂಪನಿಗಳನ್ನು ಅಪರಾಧಿ ಅಂದರೆ ಮಾನನಷ್ಟದ ಕೇಸು ಬೀಳುತ್ತದೆ ಅಂತ ಪ್ರಕಾಶಕರು ಹೆದರಿದರು. ಎಲ್ಲ ಹೆಸರು ತೆಗೆದು 1949ರಲ್ಲಿ ಅಚ್ಚು ಹಾಕಿದರು. ಹೆಸರುಗಳ ಸಮೇತ ಅದು ಹೊರಬಂದದ್ದು 1983ರಲ್ಲಿ. ಸದರ್‌ಲ್ಯಾಂಡ್ ಸತ್ತು ಮೂವತ್ತು ವರ್ಷ ದಾಟಿತ್ತು.

ನನ್ನ ಮಾತು ಮತ್ತೆ ಅಲ್ಲಿಗೇ ಬಂತು ನೋಡಿ. ಒಂದು ಕಡೆ ಕಂಪನಿಗಳ ಹೆಸರು ಬರೆಯಲು 34 ವರ್ಷ. ಇನ್ನೊಂದು ಕಡೆ ಒಬ್ಬ ಹುಡುಗನಿಗೆ ಹೆಸರು ಅಂಟಿಸಲು ಒಂದು ನಿಮಿಷದ ವಿಡಿಯೋ.

ಇನ್ನು ಏನೂ ಕದಿಯದೆಯೇ ಕಳ್ಳರಾದವರ ಮಾತು. ಬ್ರಿಟಿಷರು 1871ರಲ್ಲಿ ನಮ್ಮ ದೇಶದಲ್ಲಿ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ತಂದರು. ಸಮುದಾಯಕ್ಕೆ ಸಮುದಾಯವನ್ನೇ ಹುಟ್ಟು ಅಪರಾಧಿಗಳು ಅಂತ ಪಟ್ಟಿಗೆ ಸೇರಿಸಿದರು. ಹೆಸರು ನೋಂದಾಯಿಸಬೇಕು, ಹಾಜರಿ ಹಾಕಬೇಕು, ಅಪ್ಪಣೆ ಇಲ್ಲದೆ ಊರು ಬಿಡಬಾರದು. ಆ ಪಟ್ಟಿಯಿಂದ ಅವರನ್ನು ಬಿಡಿಸಿದ್ದು 1952ರಲ್ಲಿ. ಕಾಗದದ ಮೇಲೆ ಬಿಡಿಸಿದ್ದು. ಇವತ್ತಿಗೂ ಅವರನ್ನು ಗುರುತಿಸುವುದು "ವಿಮುಕ್ತ" ಅಂತ. ಬಿಡುಗಡೆಯ ಪದದಲ್ಲೇ ಹಳೆಯ ಸೆರೆ ನೆನಪಾಗುತ್ತದೆ. ಇವರ ವಿಷಯದಲ್ಲಿ ಅಡಿಕೆಯೂ ಹೋಗಿರಲಿಲ್ಲ.

"ಶಿಕ್ಷೆ ಮುಗಿಸಿ ಬಂದು ದುಡಿದು ತಿನ್ನಲಿ, ಯಾರು ಬೇಡ ಅಂದರು?" ಅಂತ ಇನ್ನೊಬ್ಬರು ಕೇಳಿದರು. ಬೇಡ ಅನ್ನುವವರು ಇದ್ದಾರೆ. ದೇವಾ ಪೇಜರ್ ಅನ್ನುವ ಸಮಾಜಶಾಸ್ತ್ರಜ್ಞೆ ಮಿಲ್ವಾಕಿ ನಗರದಲ್ಲಿ ಒಂದು ಪ್ರಯೋಗ ಮಾಡಿ 2003ರಲ್ಲಿ ಪ್ರಕಟಿಸಿದರು. ಒಂದೇ ಥರದ ಅರ್ಹತೆ ತೋರಿಸುವ ಹುಡುಗರನ್ನು ಕೆಲಸ ಕೇಳಲು ಕಳಿಸಿದರು. ಕೆಲವರು ಜೈಲಿಗೆ ಹೋಗಿ ಬಂದವರು ಅಂತ ಹೇಳಿಕೊಳ್ಳಬೇಕು. ನಿಜವಾಗಿ ಯಾರೂ ಹೋಗಿರಲಿಲ್ಲ. ಬಿಳಿಯ ಹುಡುಗ ಜೈಲಿನ ಮಾತು ಹೇಳದಿದ್ದಾಗ ನೂರಕ್ಕೆ 34 ಕಡೆಯಿಂದ ಮರಳಿ ಕರೆ ಬಂತು. ಹೇಳಿದಾಗ 17. ಕಪ್ಪು ಹುಡುಗನಿಗೆ ಜೈಲು ಇಲ್ಲದೆಯೇ 14, ಜೈಲು ಸೇರಿದರೆ 5. ಅಂದರೆ ತಪ್ಪೇ ಮಾಡದ ಕಪ್ಪು ಹುಡುಗನಿಗಿಂತ ಜೈಲಿಗೆ ಹೋಗಿ ಬಂದೆ ಅನ್ನುವ ಬಿಳಿ ಹುಡುಗನಿಗೇ ಜಾಸ್ತಿ ಕರೆ. ದುಡಿದು ತಿನ್ನಲಿ ಅನ್ನುವವರು ಕೆಲಸ ಕೊಡುತ್ತೀರಾ ಅಂತ ಕೇಳಿದೆ. ಗುಂಪು ಸುಮ್ಮನಾಯಿತು.

ಇಷ್ಟೆಲ್ಲ ಪಾಠ ಹೇಳುವ ನಾನು ಏನು ಮಾಡಿದ್ದೆ ಅಂತ ಈಗ ಬರೆಯುತ್ತೇನೆ. ಇದನ್ನು ಯಾರಿಗೂ ಹೇಳಿಲ್ಲ.

ಎಂಟನೇ ಕ್ಲಾಸು. ನಾನು ಕ್ಲಾಸ್ ಲೀಡರ್. ಪ್ರವಾಸಕ್ಕೆ ಅಂತ ಕೂಡಿಸಿದ್ದ ದುಡ್ಡು ಕಾಣೆಯಾಯಿತು. ನಮ್ಮ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು, ಹಳೆಯ ಯೂನಿಫಾರ್ಮು, ಮಾತು ಕಡಿಮೆ. ಯಾರೂ ಅವಳನ್ನು ಕದಿಯುವಾಗ ಕಂಡಿರಲಿಲ್ಲ. ಆದರೂ ಎಲ್ಲರ ಕಣ್ಣು ಅವಳ ಮೇಲೇ ಹೋಯಿತು. ಮೇಷ್ಟ್ರು ನನಗೆ ಹೇಳಿದರು, ನಾನು ಎಲ್ಲರ ಮುಂದೆ ಅವಳ ಚೀಲವನ್ನು ಬೆಂಚಿನ ಮೇಲೆ ಸುರಿದೆ. ಏನೂ ಸಿಗಲಿಲ್ಲ. ಎರಡು ದಿನ ಬಿಟ್ಟು ದುಡ್ಡು ಮೇಷ್ಟ್ರ ಹಾಜರಿ ಪುಸ್ತಕದ ರಟ್ಟಿನ ಒಳಗೇ ಸಿಕ್ಕಿತು. ಯಾರೂ ಅವಳ ಹತ್ತಿರ ಹೋಗಿ ಒಂದು ಮಾತು ಆಡಲಿಲ್ಲ. ನಾನೂ ಆಡಲಿಲ್ಲ. ಅವಳು ಕದ್ದಿರಲಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ಆ ವರ್ಷ ಯಾರದ್ದಾದರೂ ಪೆನ್ನು ಕಾಣದಿದ್ದರೆ ಮತ್ತೆ ಅವಳ ಕಡೆಗೇ ತಿರುಗುತ್ತಿದ್ದೆವು. ಆಮೇಲಾಮೇಲೆ ಅವಳು ಯಾರೂ ಕೇಳುವ ತನಕ ಕಾಯುತ್ತಿರಲಿಲ್ಲ. ಏನೋ ಕಳೆದಿದೆ ಅಂದ ತಕ್ಷಣ ಎದ್ದು ಬಂದು ತನ್ನ ಚೀಲವನ್ನು ಮೇಜಿನ ಮೇಲೆ ಇಟ್ಟು ತಾನೇ ಅದರ ಬಾಯಿ ತೆರೆದು ನಿಲ್ಲುತ್ತಿದ್ದಳು.

ಲೆಮರ್ಟ್‌ನ ಸಾಲುಗಳನ್ನು ಬೋರ್ಡಿನ ಮೇಲೆ ಬರೆಯುವಾಗ ಪ್ರತಿ ವರ್ಷ ನನಗೆ ಕಾಣುವುದು ಆ ಚೀಲ.

ಹಾಗಾದರೆ ಶಿಕ್ಷೆಯೇ ಬೇಡವಾ ಅನ್ನುತ್ತೀರಿ. ಬೇಕು. ಮೊಬೈಲ್ ವಾಪಸ್ ಕೊಡಿಸಬೇಕು, ಕಳೆದುಕೊಂಡವರ ಮುಂದೆ ನಿಲ್ಲಿಸಬೇಕು, ನಷ್ಟ ತುಂಬಿಸಬೇಕು. ನಾಚಿಕೆಯೂ ಆಗಲಿ. ಆಸ್ಟ್ರೇಲಿಯಾದ ಅಪರಾಧಶಾಸ್ತ್ರಜ್ಞ ಜಾನ್ ಬ್ರೈತ್‌ವೇಟ್ 1989ರಲ್ಲಿ ಎರಡು ಥರದ ನಾಚಿಕೆಯ ಬಗ್ಗೆ ಬರೆದ. ಒಂದು, ನೀನು ಮಾಡಿದ್ದು ತಪ್ಪು ಅಂತ ಹೇಳಿ ಮತ್ತೆ ಒಳಗೆ ಕರೆದುಕೊಳ್ಳುವುದು. ಇನ್ನೊಂದು, ನೀನೇ ತಪ್ಪು ಅಂತ ಹೇಳಿ ಹೊರಗೆ ತಳ್ಳುವುದು. ಮನೆಯಲ್ಲಿ ಮಕ್ಕಳಿಗೆ ನಾವು ಮೊದಲನೆಯದನ್ನೇ ಮಾಡುತ್ತೇವೆ. ಬೈಯುತ್ತೇವೆ, ಆಮೇಲೆ ಊಟಕ್ಕೆ ಕರೆಯುತ್ತೇವೆ. ಬೇರೆಯವರ ಮಗು ಅಂದ ತಕ್ಷಣ ಕಂಬ, ಹಗ್ಗ ನೆನಪಾಗುತ್ತದೆ.

ಇವತ್ತು ಬೆಳಿಗ್ಗೆ ಗುಂಪಿನಲ್ಲಿ ಆ ವಿಡಿಯೋ ತೆಗೆಯಿರಿ ಅಂತ ಕೇಳಿದೆ. ಹಾಕಿದವರು ತೆಗೆಯಲಿಲ್ಲ. ಬೇರೆಯವರಿಗೆ ಕಳಿಸಿದ್ದ ಇಬ್ಬರು ಫೋನ್ ಮಾಡಿ ಅಳಿಸಿದ್ದೇವೆ ಅಂದರು. ಅದರಲ್ಲಿ ಒಬ್ಬರು ಚಿಕ್ಕಪ್ಪ. ನಿಮ್ಮಲ್ಲಿ ಯಾರ ಫೋನಿಗಾದರೂ ಅದು ಬಂದಿದ್ದರೆ, ಕೆಂಪು ಅಂಗಿಯ ಹುಡುಗ, ಕಂಬ, ದಯವಿಟ್ಟು ಮುಂದೆ ಕಳಿಸಬೇಡಿ. ಈಗಲೇ ಅಳಿಸಿ. ನಿಮಗೆ ಕಳಿಸಿದವರಿಗೂ ಒಂದು ಫೋನ್ ಮಾಡಿ.